ತಪ್ಪು ಸಿಕ್ಕ ಕಡೆ ತಪ್ಪು ಹುಡುಕಬೇಡಿ: ಮಷೀನ್ ಶಾಪ್‌ನಲ್ಲಿ ರಿಜೆಕ್ಷನ್ ಬೆನ್ನು ಹತ್ತುವುದು ಹೇಗೆ

ಕೆಲವು ವರ್ಷಗಳ ಹಿಂದೆ ಪೀಣ್ಯದ ಒಂದು ಸಣ್ಣ ಮಷೀನ್ ಶಾಪ್‌ನಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಒಂದು ಪಿನ್ ಮಾಡುತ್ತಿದ್ದೆವು. 20 ಮಿಮೀ ದಪ್ಪ, ಹೆಚ್ಚುಕಡಿಮೆ ಒಂದು ಗೇಣು ಉದ್ದ. ನೋಡಲು ಏನೂ ವಿಶೇಷ ಇಲ್ಲ. ಬಾರ್ ಕಟ್ ಮಾಡಬೇಕು, ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಲೇತ್) ಟರ್ನಿಂಗ್ ಆಗಬೇಕು, ಒಂದು ಅಡ್ಡ ತೂತು ಕೊರೆಯಬೇಕು, ಮೈ ಗಟ್ಟಿ ಮಾಡುವ ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗಿನ ಫರ್ನೇಸ್‌ಗೆ ಕಳಿಸಿ ತರಿಸಬೇಕು, ಗ್ರೈಂಡಿಂಗ್ ಮಾಡಬೇಕು, ಇನ್ಸ್‌ಪೆಕ್ಷನ್ ಮುಗಿಸಿ ಪ್ಯಾಕ್ ಮಾಡಬೇಕು. ಆರೇ ಆರು ಹಂತ.

ಗ್ರೈಂಡಿಂಗ್ ಮುಗಿದ ಪಿನ್‌ಗಳಲ್ಲಿ ಒಂದು ಪಕ್ಕ ಕಪ್ಪು ಪಟ್ಟೆ ಉಳಿಯಲು ಶುರುವಾಯಿತು. ಮೈ ಪೂರ್ತಿ ಕನ್ನಡಿ ಥರ ಹೊಳೆಯಬೇಕು, ಒಂದು ಕಡೆ ಮಾತ್ರ ಗ್ರೈಂಡಿಂಗ್ ವೀಲ್ ಮುಟ್ಟೇ ಇಲ್ಲ. ರಿಜೆಕ್ಷನ್ ಬಿನ್ ಇದ್ದದ್ದು ಗ್ರೈಂಡಿಂಗ್ ಮಷೀನ್ ಪಕ್ಕ. ಹಾಗಾಗಿ ಬೈಗುಳ ಬಿದ್ದದ್ದೂ ಗ್ರೈಂಡಿಂಗ್ ಆಪರೇಟರ್‌ಗೆ. ನಾನೂ ಬೈದೆ, ವಾರ್ನಿಂಗ್ ಲೆಟರ್ ಕೂಡ ಕೊಟ್ಟೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಒಂದು ಟ್ರೈನಿಂಗ್ ಕೊಟ್ಟ ಹಾಗೆ ಮಾಡಿದೆವು, ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಂಡೆವು, ಕಸ್ಟಮರ್‌ಗೆ "ಆಪರೇಟರ್‌ಗೆ ತಿಳಿವಳಿಕೆ ನೀಡಲಾಗಿದೆ" ಅಂತ ರಿಪೋರ್ಟ್ ಕಳಿಸಿದೆವು. ಮುಂದಿನ ತಿಂಗಳು ಕಪ್ಪು ಪಟ್ಟೆ ಜಾಸ್ತಿ ಆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಅನ್ನುತ್ತಾರಲ್ಲ, ಅದೇ ಕಥೆ.

ಆ ಪಿನ್ ನನಗೆ ಕಲಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಬ್ಬರನ್ನೇ ಹಿಡಿಯದೆ ಇಡೀ ವ್ಯವಸ್ಥೆಯನ್ನು ಒಟ್ಟಿಗೆ ನೋಡುವುದು, ಇದಕ್ಕೆ ಸಿಸ್ಟಮ್ಸ್ ಥಿಂಕಿಂಗ್ ಅಂತ ದೊಡ್ಡ ಹೆಸರಿದೆ. ಹೆಸರಿಗೆ ಹೆದರಬೇಡಿ. ಒಂದು ಚಾಕ್‌ಪೀಸ್, ಒಂದು ನೋಟ್‌ಬುಕ್, ಹಳೇ ಕ್ಯಾಲೆಂಡರ್‌ನ ಹಿಂಬದಿ, ಎರಡು ಮೂರು ದಿನ ಕಾಲು ನೋಯುವಷ್ಟು ಓಡಾಟ, ಇಷ್ಟಿದ್ದರೆ ಶುರು ಮಾಡಬಹುದು.

ಮೊದಲು ಒಂದೇ ಒಂದು ಪಾರ್ಟ್ ಹಿಡಿಯಿರಿ

ಇಡೀ ಫ್ಯಾಕ್ಟರಿ ಸರಿ ಮಾಡಲು ಹೊರಟರೆ ಏನೂ ಸರಿಯಾಗುವುದಿಲ್ಲ, ಮೀಟಿಂಗ್ ಮಾತ್ರ ಜಾಸ್ತಿ ಆಗುತ್ತವೆ. ಯಾವ ಪಾರ್ಟ್‌ನಲ್ಲಿ ದುಡ್ಡು ಹೆಚ್ಚು ಹೋಗುತ್ತಿದೆಯೋ ಅದನ್ನು ಹಿಡಿಯಿರಿ. ಪೀಸ್ ಲೆಕ್ಕ ನೋಡಬೇಡಿ, ರೂಪಾಯಿ ಲೆಕ್ಕ ನೋಡಿ. ಬಾರ್ ಕಟಿಂಗ್‌ನಲ್ಲಿ ಹತ್ತು ಪೀಸ್ ಹಾಳಾದರೆ ಹೋಗುವುದು ಕಬ್ಬಿಣದ ದುಡ್ಡು. ಗ್ರೈಂಡಿಂಗ್ ಆದ ಮೇಲೆ ಹತ್ತು ಹಾಳಾದರೆ ಕಬ್ಬಿಣ, ಟರ್ನಿಂಗ್, ಡ್ರಿಲ್ಲಿಂಗ್, ಫರ್ನೇಸ್, ಸಾಗಾಟ ಎಲ್ಲವೂ ಸ್ಕ್ರ್ಯಾಪ್ ರೇಟಿಗೆ ಹೋಗುತ್ತವೆ.

ಕೊನೆಯಿಂದ ಮೊದಲಿಗೆ ನಡೆಯಿರಿ

ಡಿಸ್ಪ್ಯಾಚ್‌ನಿಂದ ಶುರು ಮಾಡಿ ಕಚ್ಚಾ ಮಾಲಿನ ರ‍್ಯಾಕ್ ತನಕ ಉಲ್ಟಾ ನಡೆದುಕೊಂಡು ಹೋಗಿ. ಮೊದಲಿನಿಂದ ಹೋದರೆ ಪ್ರತಿಯೊಬ್ಬರೂ ತಾವು ಏನು ಮಾಡುತ್ತೇವೆ ಅಂತ ಹೇಳುತ್ತಾರೆ. ಉಲ್ಟಾ ಹೋದರೆ ತಮಗೆ ಏನು ಬರುತ್ತದೆ ಅಂತ ಹೇಳುತ್ತಾರೆ. ನಮಗೆ ಬೇಕಾದದ್ದು ಎರಡನೆಯದು.

ಪ್ರತಿ ಮಷೀನ್ ಹತ್ತಿರ ನಿಂತು ಮೂರು ಪ್ರಶ್ನೆ ಕೇಳಿ. ಹಿಂದಿನ ಕಡೆಯಿಂದ ಬರುವ ಪೀಸ್‌ನಲ್ಲಿ ನಿಮಗೆ ತೊಂದರೆ ಕೊಡುವುದು ಯಾವುದು? ನೀವು ಮಾಡಿದ್ದು ಸರಿ ಇದೆ ಅಂತ ನಿಮಗೆ ಹೇಗೆ, ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ? ಏನಾದರೆ ನಿಮಗೆ ಬೈಗುಳ ಬೀಳುತ್ತದೆ, ಏನಾದರೆ ಶಭಾಶ್ ಸಿಗುತ್ತದೆ?

ಮೂರನೆಯದೇ ಮುಖ್ಯ. ಅದನ್ನು ಆಫೀಸಿನಲ್ಲಿ ಕೂರಿಸಿಕೊಂಡು ಕೇಳಬೇಡಿ. ಟೀ ಬ್ರೇಕ್‌ನಲ್ಲಿ ಕೇಳಿ, ಪೆನ್ನು ಜೇಬಿನಲ್ಲಿಟ್ಟುಕೊಂಡು. ನೋಟ್‌ಬುಕ್ ತೆಗೆದ ಕೂಡಲೇ ಎಲ್ಲರೂ "ಎಲ್ಲಾ ಸರಿ ಇದೆ ಸಾರ್" ಅನ್ನುತ್ತಾರೆ.

ನಾನು ಹಾಗೆ ಕೇಳಿದಾಗ ಗ್ರೈಂಡಿಂಗ್ ಆಪರೇಟರ್ ಬಾಯಲ್ಲಿ ಏನೂ ಹೇಳಲಿಲ್ಲ. ಹೀಟ್ ಟ್ರೀಟ್‌ಮೆಂಟ್‌ನಿಂದ ಬಂದ ಒಂದು ಪಿನ್ ತಗೊಂಡು ಎರಡು ಸೆಂಟರ್ ಮಧ್ಯೆ ಕೂರಿಸಿ, ನಡುವೆ ಡಯಲ್ ಗೇಜ್ ಹಚ್ಚಿ, ಕೈಯಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿಸಿದ. ಮುಳ್ಳು 25 ಗೆರೆ ಆಡಿತು. ಅಂದರೆ 0.25 ಮಿಮೀ. ಪಿನ್ ಬಾಗಿದೆ. ಆಮೇಲೆ ಮೈಕ್ರೋಮೀಟರ್ ಕೈಗೆ ಕೊಟ್ಟು "ಈಗ ಡಯಾ ನೋಡಿ ಸಾರ್" ಅಂದ. 20.20. ಗ್ರೈಂಡಿಂಗ್‌ಗೆ ಅಂತ ಉಳಿಸಿರುವುದು, ಅಂದರೆ ಅಲೋವೆನ್ಸ್, ಒಟ್ಟು 0.20. ಅದು ಪೂರ್ತಿ ದುಂಡಗೆ ಮೈಬಿಡಬೇಕಾದರೆ, ಅಂದರೆ ಸುತ್ತಲೂ ವೀಲ್ ಮುಟ್ಟಬೇಕಾದರೆ, 0.25 ಆದರೂ ಬೇಕು. ಇಲ್ಲದ ಮಾಲನ್ನು ಅವನು ಎಲ್ಲಿಂದ ತರುತ್ತಾನೆ? ವಾರ್ನಿಂಗ್ ಲೆಟರ್ ಕೊಟ್ಟ ಮನುಷ್ಯ ನಾನು, ಅವನ ಮುಂದೆ ಮೈಕ್ರೋಮೀಟರ್ ಹಿಡಿದು ನಿಂತಿದ್ದೆ.

ಅಲ್ಲಿಗೇ ನಿಲ್ಲಿಸಿದ್ದರೆ ಬೈಗುಳ ಬರೀ ಎರಡು ಹೆಜ್ಜೆ ಹಿಂದಕ್ಕೆ ಹೋಗುತ್ತಿತ್ತು, ಅಷ್ಟೇ. ಗ್ರೈಂಡಿಂಗ್‌ನವನ ಬದಲು ಟರ್ನಿಂಗ್‌ನವನು, ಇಲ್ಲವೇ ಫರ್ನೇಸ್‌ನವರು. ಅದಕ್ಕೇ ಇನ್ನೂ ಹಿಂದೆ ಹೋಗಬೇಕು.

ಟರ್ನಿಂಗ್‌ನಲ್ಲಿ ಕೇಳಿದೆ. ಮೊದಲು 0.30 ಬಿಡುತ್ತಿದ್ದರಂತೆ. ಆರು ತಿಂಗಳ ಹಿಂದೆ ಗ್ರೈಂಡಿಂಗ್‌ನಲ್ಲಿ ಕೆಲಸ ತುಂಬಿ ನಿಂತಾಗ, ಗ್ರೈಂಡಿಂಗ್ ಟೈಮ್ ಉಳಿಸಲು 0.20ಕ್ಕೆ ಇಳಿಸಿದರು. ಆಗ ಎಲ್ಲರೂ ಹೊಗಳಿದ ಐಡಿಯಾ ಅದು. ಫರ್ನೇಸ್‌ಗೆ ಹೋದೆ. ಅಲ್ಲಿನ ಸೂಪರ್‌ವೈಸರ್ ನಗುತ್ತಾ ಹೇಳಿದರು: "ಸಾರ್, ನೀವು ಕೊಡೋ ರೇಟಿಗೆ ಪಿನ್ ನಿಲ್ಲಿಸಿ ಹಾಕಕ್ಕಾಗಲ್ಲ, ಮಲಗಿಸೇ ಹಾಕೋದು." ಜಾಬ್ ವರ್ಕ್‌ಗೆ ದುಡ್ಡು ಕೊಡುವುದು ಕೆಜಿ ಲೆಕ್ಕದಲ್ಲಿ. ಉದ್ದನೆಯ ಪಿನ್‌ಗಳನ್ನು ನೆಟ್ಟಗೆ ನಿಲ್ಲಿಸಿ ಬಿಸಿ ಮಾಡಿ ಎಣ್ಣೆಗೆ ಇಳಿಸಿದರೆ ಬಾಗುವುದು ಕಡಿಮೆ, ಆದರೆ ಒಂದು ಸಲದ ಲೋಡ್‌ಗೆ ಕೆಲವೇ ಪೀಸ್ ಹಿಡಿಯುತ್ತವೆ. ಮಲಗಿಸಿ ಒಂದರ ಮೇಲೊಂದು ಅಡುಕಿದರೆ ಬುಟ್ಟಿ ತುಂಬುತ್ತದೆ, ಪಿನ್ ಬಾಗುತ್ತದೆ. ನಮ್ಮ ಪರ್ಚೇಸ್‌ನವರು ಕೆಜಿಗೆ ಸ್ವಲ್ಪ ರೇಟು ಇಳಿಸಿದ್ದರು. ಅವರಿಗೂ ಶಭಾಶ್ ಸಿಕ್ಕಿತ್ತು. ಇದರ ಜೊತೆಗೆ ತಿಂಗಳ ಕೊನೆಯ ಹತ್ತು ದಿನದಲ್ಲಿ ನಾವು ಅರ್ಧ ತಿಂಗಳ ಮಾಲನ್ನು ಒಟ್ಟಿಗೇ ಕಳಿಸಿ "ನಾಳೆ ಬೆಳಿಗ್ಗೆ ಬೇಕು" ಅನ್ನುತ್ತಿದ್ದೆವು.

ಇಲ್ಲಿ ಯಾರು ತಪ್ಪು ಮಾಡಿದರು ಹೇಳಿ? ಅಲೋವೆನ್ಸ್ ಇಳಿಸಿದ್ದು ಬುದ್ಧಿವಂತಿಕೆಯೇ. ರೇಟು ಇಳಿಸಿದ್ದು ಪರ್ಚೇಸ್‌ನವರ ಕೆಲಸವೇ. ತಿಂಗಳ ಕೊನೆಗೆ ಬಿಲ್ಲಿಂಗ್ ಆಗಬೇಕು ಅನ್ನುವುದು ಮಾಲೀಕರ ಕಷ್ಟ. ಮೂರೂ ಬೇರೆ ಬೇರೆಯಾಗಿ ಸರಿ. ಮೂರೂ ಬಂದು ಕೂಡಿಕೊಂಡದ್ದು ಗ್ರೈಂಡಿಂಗ್ ಮಷೀನ್ ಮುಂದೆ.

ಎಣಿಸಿ, ಆಮೇಲೆ ಭಾಗಿಸಿ

ನಡೆಯುವಾಗಲೇ ಪ್ರತಿ ಹಂತದ ಮುಂದೆ ಎಷ್ಟು ಪೀಸ್ ಕಾಯುತ್ತಿವೆ ಅಂತ ಎಣಿಸಿ. ಕಂಪ್ಯೂಟರ್‌ನಲ್ಲಿ ಏನಿದೆ ಅಂತ ನೋಡಬೇಡಿ. ಟ್ರಾಲಿ, ಬಿನ್, ಮೆಟ್ಟಿಲ ಕೆಳಗೆ, ಫರ್ನೇಸ್‌ನವರ ಅಂಗಳ, ಎಲ್ಲಾ ಎಣಿಸಿ. ಒಟ್ಟು 6000 ಪೀಸ್ ಇದೆ, ದಿನಕ್ಕೆ 400 ಹೊರಗೆ ಹೋಗುತ್ತವೆ ಅಂದುಕೊಳ್ಳಿ. 6000ವನ್ನು 400ರಿಂದ ಭಾಗಿಸಿದರೆ 15. ಇವತ್ತು ಕಟ್ ಆದ ಬಾರ್ ಪಿನ್ ಆಗಿ ಗೇಟು ದಾಟಲು 15 ದಿನ. ಈ ಲೆಕ್ಕಕ್ಕೆ ಲಿಟಲ್ಸ್ ಲಾ ಅನ್ನುತ್ತಾರೆ. ಜಾನ್ ಲಿಟಲ್ ಅನ್ನುವ ಅಮೆರಿಕದ ವಿದ್ವಾಂಸ 1961ರಲ್ಲಿ ಇದಕ್ಕೆ ಗಣಿತದ ಪುರಾವೆ ಕೊಟ್ಟರು. ದರ್ಶಿನಿಯ ಕೌಂಟರ್ ಮುಂದಿನ ಕ್ಯೂಗೂ ಇದೇ ಲೆಕ್ಕ.

ಈಗ ಪೀಸ್ ಮೇಲೆ ನಿಜವಾಗಿ ಕೆಲಸ ನಡೆಯುವ ಹೊತ್ತು ಕೂಡಿಸಿ. ನಮ್ಮ ಪಿನ್‌ಗೆ ಎಲ್ಲಾ ಸೇರಿ ಹತ್ತು ಹನ್ನೆರಡು ನಿಮಿಷ, ಜೊತೆಗೆ ಫರ್ನೇಸ್‌ನಲ್ಲಿ ಒಂದು ರಾತ್ರಿ. ಉಳಿದದ್ದೆಲ್ಲ ಬಿನ್‌ನಲ್ಲಿ ಕೂತು ಧೂಳು ತಿನ್ನುವ ಸಮಯ.

ಇದು ಬರೀ ಡೆಲಿವರಿಯ ತಲೆನೋವು ಅಂದುಕೊಳ್ಳಬೇಡಿ, ಕ್ವಾಲಿಟಿಯ ತಲೆನೋವೂ ಇದೇ. ಟರ್ನಿಂಗ್‌ನಲ್ಲಿ ಇವತ್ತು ಆದ ತಪ್ಪು ಗ್ರೈಂಡಿಂಗ್‌ನಲ್ಲಿ ಕಾಣಿಸಲು ಹತ್ತು ದಿನ ಹಿಡಿದರೆ, ಆ ಹತ್ತು ದಿನವೂ ಅದೇ ತಪ್ಪು ನಡೆಯುತ್ತಲೇ ಇರುತ್ತದೆ. 4000 ಪೀಸ್. ಅಷ್ಟರಲ್ಲಿ ಯಾವ ಶಿಫ್ಟ್, ಯಾವ ಇನ್ಸರ್ಟ್ (ಕತ್ತರಿಸುವ ಟೂಲ್‌ನ ತುದಿ), ಯಾವ ಬಾರ್ ಅಂತ ಯಾರಿಗೂ ನೆನಪಿರುವುದಿಲ್ಲ. ಬಿನ್ ಕಡಿಮೆಯಾದಷ್ಟೂ ಸುದ್ದಿ ಬೇಗ ತಲುಪುತ್ತದೆ.

ಇನ್ನೊಂದು ಲೆಕ್ಕ. ಪ್ರತಿ ಹಂತದವರೂ ತಮ್ಮ ಬೋರ್ಡ್ ಮೇಲೆ "97% ಓಕೆ" ಅಂತ ಬರೆದುಕೊಂಡಿರುತ್ತಾರೆ. ಓದಲು ಚೆನ್ನಾಗಿದೆ. ಆರು ಹಂತದ 0.97ನ್ನು ಒಂದಕ್ಕೊಂದು ಗುಣಿಸಿ ನೋಡಿ, 0.83 ಬರುತ್ತದೆ. ಅಂದರೆ 100 ಬಾರ್ ಒಳಗೆ ಹೋದರೆ ಎಲ್ಲೂ ಎಡವದೆ ಹೊರಗೆ ಬರುವುದು 83. ಉಳಿದ 17ರಲ್ಲಿ ಕೆಲವು ಸ್ಕ್ರ್ಯಾಪ್, ಕೆಲವು ರೀವರ್ಕ್. ರೀವರ್ಕ್ ಆಗಿ ಪಾಸಾದದ್ದನ್ನು ಓಕೆ ಅಂತಲೇ ಬರೆಯುವುದರಿಂದ ಅದು ಕಾಗದದ ಮೇಲೆ ಕಾಣುವುದೇ ಇಲ್ಲ. ಆದ್ದರಿಂದ ಮೊದಲನೇ ಸಲಕ್ಕೇ ಪಾಸಾದದ್ದನ್ನು ಮಾತ್ರ ಎಣಿಸಿ. ಬೋರ್ಡ್ ಸ್ವಲ್ಪ ದಿನ ಅಸಹ್ಯವಾಗಿ ಕಾಣುತ್ತದೆ, ಕಾಣಲಿ.

ಪ್ರತಿ ದಿನದ ಸಂಖ್ಯೆಗೆ ಕುಣಿಯಬೇಡಿ

ನಿನ್ನೆ 9 ರಿಜೆಕ್ಷನ್, ಇವತ್ತು 18. ಬೆಳಗಿನ ಮೀಟಿಂಗ್‌ನಲ್ಲಿ ಗಲಾಟೆ. ನಾಳೆ 11 ಆಗುತ್ತದೆ, "ಬೈದದ್ದಕ್ಕೆ ಸರಿ ಹೋಯ್ತು" ಅಂತ ಮ್ಯಾನೇಜರ್ ಖುಷಿಪಡುತ್ತಾರೆ. ಬೈಯದಿದ್ದರೂ 11 ಆಗುತ್ತಿತ್ತೇನೋ, ಯಾರು ಬಲ್ಲರು?

ಇದನ್ನು ತಿಳಿಯಲು ಒಂದು ದಾರಿ ಇದೆ. 25 ದಿನದ ಸಂಖ್ಯೆಗಳನ್ನು ಸಾಲಾಗಿ ಬರೆಯಿರಿ. ಸರಾಸರಿ ತೆಗೆಯಿರಿ, 12 ಅಂದುಕೊಳ್ಳೋಣ. ಆಮೇಲೆ ಪ್ರತಿ ದಿನಕ್ಕೂ ಅದರ ಹಿಂದಿನ ದಿನಕ್ಕೂ ಇರುವ ವ್ಯತ್ಯಾಸ ಬರೆಯಿರಿ, ಮೈನಸ್ ಬಂದರೆ ಮೈನಸ್ ಬಿಟ್ಟುಬಿಡಿ. ಆ ವ್ಯತ್ಯಾಸಗಳ ಸರಾಸರಿ 4 ಅಂದುಕೊಳ್ಳಿ. ಅದನ್ನು 2.66ರಿಂದ (ಈ ಲೆಕ್ಕಕ್ಕೆ ಯಾವಾಗಲೂ ಇದೇ ಸಂಖ್ಯೆ) ಗುಣಿಸಿದರೆ ಸುಮಾರು 10.6. ಸರಾಸರಿಗೆ ಕೂಡಿಸಿದರೆ 22.6, ಕಳೆದರೆ 1.4. ಈ ಎರಡು ಗೆರೆಗಳ ನಡುವೆ ಸಂಖ್ಯೆ ಎಷ್ಟೇ ಕುಣಿದರೂ ಅದು ನಿಮ್ಮ ವ್ಯವಸ್ಥೆಯ ಮಾಮೂಲಿ ಉಸಿರಾಟ. 18 ಬಂದರೆ ಸುದ್ದಿಯೇ ಅಲ್ಲ. 24 ಬಂದರೆ ಆ ದಿನ ಏನೋ ಬೇರೆ ಆಗಿದೆ, ಅವತ್ತೇ ಹೋಗಿ ಹುಡುಕಿ. ಸತತ ಎಂಟು ದಿನ ಸರಾಸರಿಯ ಒಂದೇ ಪಕ್ಕ ಇದ್ದರೂ ಹುಡುಕಿ.

ಹೀಗೆ ಎರಡು ಗೆರೆ ಹಾಕಿ ನೋಡುವುದಕ್ಕೆ ಕಂಟ್ರೋಲ್ ಚಾರ್ಟ್ ಅನ್ನುತ್ತಾರೆ. ಈ ಥರದ ಚಾರ್ಟ್ ಶುರುವಾದದ್ದು 1924ರಲ್ಲಿ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್‌ನಲ್ಲಿದ್ದ ವಾಲ್ಟರ್ ಶೂಹಾರ್ಟ್ ತಮ್ಮ ಬಾಸ್‌ಗೆ ಒಂದು ಪುಟದ ಟಿಪ್ಪಣಿ ಬರೆದು ಅದರಲ್ಲಿ ಇದನ್ನು ಬಿಡಿಸಿ ತೋರಿಸಿದ್ದರು. ಅದೇ ವರ್ಷ ಜಪಾನಿನಲ್ಲಿ ಟೊಯೋಡಾ ಕುಟುಂಬದವರ ಜಿ ಮಾದರಿಯ ಮಗ್ಗ ತಯಾರಾಯಿತು. ನೂಲು ಹರಿದರೆ ಅದು ತಾನೇ ನಿಲ್ಲುತ್ತಿತ್ತು. ಒಂದು ಕಡೆ "ಸುಮ್ಮಸುಮ್ಮನೆ ಕೈ ಹಾಕಬೇಡ" ಅನ್ನುವ ಚಾರ್ಟ್, ಇನ್ನೊಂದು ಕಡೆ "ನಿಜವಾಗಿ ಕೆಟ್ಟಾಗ ತಕ್ಷಣ ನಿಲ್ಲಿಸು" ಅನ್ನುವ ಮಗ್ಗ. ಒಂದೇ ವರ್ಷ ಎರಡೂ ಹುಟ್ಟಿದ್ದು ನನಗೆ ಯಾವಾಗಲೂ ತಮಾಷೆ ಅನ್ನಿಸುತ್ತದೆ.

ಸುಮ್ಮಸುಮ್ಮನೆ ಕೈ ಹಾಕಿದರೆ ಏನಾಗುತ್ತದೆ ಅಂತ ನಂಬಿಕೆ ಬರದಿದ್ದರೆ ಮನೆಯಲ್ಲೇ ಮಾಡಿ ನೋಡಿ. ಅಮೆರಿಕದ ಕ್ವಾಲಿಟಿ ತಜ್ಞ ಎಡ್ವರ್ಡ್ಸ್ ಡೆಮಿಂಗ್ ತಮ್ಮ ಪಾಠಗಳಲ್ಲಿ ಇದನ್ನು ತೋರಿಸುತ್ತಿದ್ದರು. ಅಡುಗೆಮನೆಯ ಲಾಳಿಕೆ, ಒಂದು ಗೋಲಿ, ಕೆಳಗೆ ಬಿಳಿ ಹಾಳೆ, ಹಾಳೆಯ ನಡುವೆ ಒಂದು ಚುಕ್ಕೆ. ಲಾಳಿಕೆಯನ್ನು ಚುಕ್ಕೆಯ ಮೇಲೆ ಅಲುಗದಂತೆ ಹಿಡಿದು ಐವತ್ತು ಸಲ ಗೋಲಿ ಬಿಡಿ, ಬಿದ್ದ ಕಡೆಯೆಲ್ಲ ಗುರುತು ಹಾಕಿ. ಆಮೇಲೆ ಇನ್ನೊಂದು ಹಾಳೆ ತಗೊಳ್ಳಿ. ಈ ಸಲ ಗೋಲಿ ಚುಕ್ಕೆಯಿಂದ ಎಷ್ಟು ದೂರ ಬಿತ್ತೋ ಅಷ್ಟು ದೂರ ಲಾಳಿಕೆಯನ್ನು ಅದು ಆಗ ಇರುವ ಜಾಗದಿಂದ ಎದುರು ದಿಕ್ಕಿಗೆ ಸರಿಸುತ್ತಾ ಐವತ್ತು ಸಲ ಬಿಡಿ. ಎರಡನೇ ಹಾಳೆಯಲ್ಲಿ ಗುರುತುಗಳು ಮೊದಲನೆಯದಕ್ಕಿಂತ ಸುಮಾರು 1.4 ಪಟ್ಟು ಹರಡಿಕೊಂಡಿರುತ್ತವೆ. ಸರಿ ಮಾಡಲು ಹೋಗಿಯೇ ಕೆಟ್ಟದ್ದು.

ಸಿಎನ್‌ಸಿಯಲ್ಲಿ ಪ್ರತಿ ಪೀಸ್ ಅಳೆದು ಪ್ರತಿ ಸಲ ಆಫ್‌ಸೆಟ್ (ಟೂಲ್ ಎಲ್ಲಿ ನಿಲ್ಲಬೇಕು ಅನ್ನುವ ಸೆಟ್ಟಿಂಗ್) ತಿದ್ದುವ ಶ್ರದ್ಧೆಯ ಹುಡುಗರು ಎಲ್ಲ ಶಾಪ್‌ನಲ್ಲೂ ಇರುತ್ತಾರೆ. ಅವರು ಮಾಡುತ್ತಿರುವುದು ಲಾಳಿಕೆ ಸರಿಸುವ ಕೆಲಸ. ಹಾಗಂತ ಆಫ್‌ಸೆಟ್ ಮುಟ್ಟಲೇಬಾರದು ಅಂತಲ್ಲ, ಇನ್ಸರ್ಟ್ ಸವೆಯುತ್ತದೆ, ಡಯಾ ನಿಧಾನವಾಗಿ ಏರುತ್ತದೆ. ಎಷ್ಟು ಪೀಸ್‌ಗೆ ಎಷ್ಟು ಮೈಕ್ರಾನ್ ಏರುತ್ತದೆ ಅಂತ ಒಂದು ಶಿಫ್ಟ್ ಬರೆದುಕೊಂಡು, ಅಷ್ಟು ಪೀಸ್ ಆದ ಮೇಲೆ ಅಷ್ಟೇ ತಿದ್ದಿ. ನಡುವೆ ಕೈ ಕಟ್ಟಿಕೊಂಡು ನಿಲ್ಲುವುದು ಕಷ್ಟ, ಗೊತ್ತು.

ಅಳತೆಯ ಬಗ್ಗೆಯೂ ಒಂದು ಮಾತು, ಚಾರ್ಟ್ ಹಾಕುವ ಮೊದಲೇ ಇದನ್ನು ನೋಡಿಕೊಳ್ಳಬೇಕು. "ನಮ್ಮಲ್ಲಿ ಓಕೆ, ಕಸ್ಟಮರ್ ಹತ್ತಿರ ಅಂಡರ್‌ಸೈಜ್" ಅನ್ನುವ ಜಗಳ ನಿಮ್ಮಲ್ಲೂ ಇದೆಯಾ? ಡ್ರಾಯಿಂಗ್‌ನಲ್ಲಿರುವ ಅಳತೆ 20 ಡಿಗ್ರಿ ಸೆಲ್ಸಿಯಸ್‌ಗೆ ಬರೆದದ್ದು. ಗ್ರೈಂಡಿಂಗ್‌ನಿಂದ ಈಗಷ್ಟೇ ತೆಗೆದ ಪಿನ್ 35 ಡಿಗ್ರಿ ಇದ್ದರೆ, 20 ಮಿಮೀ ಸ್ಟೀಲ್ ಸುಮಾರು 3.5 ಮೈಕ್ರಾನ್ ಉಬ್ಬಿರುತ್ತದೆ. ಎಚ್6 ಅನ್ನುವ ಬಿಗಿ ದರ್ಜೆಯ ಫಿಟ್ ಆದರೆ ಒಟ್ಟು ಟಾಲರೆನ್ಸ್ (ಅಳತೆ ಹೆಚ್ಚುಕಡಿಮೆ ಆಗಲು ಬಿಟ್ಟ ಅವಕಾಶ) ಇರುವುದೇ 13 ಮೈಕ್ರಾನ್. ಕಾಲು ಭಾಗ ಬಿಸಿಯೇ ತಿಂದುಹಾಕಿತು. ಬಿಸಿಯಲ್ಲಿ ಕೆಳಗಿನ ಅಂಚಿಗೆ ಪಾಸಾದ ಪೀಸ್, ಕಸ್ಟಮರ್‌ನ ಎಸಿ ರೂಮಿನಲ್ಲಿ ತಣ್ಣಗಾಗಿ ಫೇಲ್ ಆಗುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಪೀಸ್ ಆರಿದ ಮೇಲೆ ಅಳೆಯಿರಿ, ಜಗಳ ಅರ್ಧ ಕಡಿಮೆಯಾಗುತ್ತದೆ.

ಬಾಣ ಬಿಡಿಸಿ, ಅದು ಸುತ್ತಿಕೊಂಡು ವಾಪಸ್ ಬರುತ್ತದಾ ನೋಡಿ

ಐದು ಸಲ ಯಾಕೆ ಯಾಕೆ ಅಂತ ಕೇಳುವ ಪದ್ಧತಿ ಎಲ್ಲರಿಗೂ ಗೊತ್ತು. ಕೆಟ್ಟದ್ದೇನಲ್ಲ. ಆದರೆ ಅದು ಒಂದೇ ದಾರಿ ಹಿಡಿದು ನೆಟ್ಟಗೆ ಹೋಗುತ್ತದೆ, ಕೊನೆಗೆ ಯಾರಾದರೊಬ್ಬರ ಮನೆ ಬಾಗಿಲಲ್ಲಿ ನಿಲ್ಲುತ್ತದೆ. ಮೀನಿನ ಮುಳ್ಳಿನ ಚಿತ್ರ ಕಾರಣಗಳನ್ನು ಡಬ್ಬಿಗಳಲ್ಲಿ ಹಾಕುತ್ತದೆ, ಆದರೆ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಏನು ಹರಿಯುತ್ತದೆ ಅಂತ ತೋರಿಸುವುದಿಲ್ಲ.

ಕ್ಯಾಲೆಂಡರ್ ಹಿಂಬದಿಯಲ್ಲಿ ಹೀಗೆ ಮಾಡಿ. ನಡುವೆ "ಕಪ್ಪು ಪಟ್ಟೆ" ಅಂತ ಬರೆಯಿರಿ. ಅದನ್ನು ಹೆಚ್ಚು ಮಾಡುವುದೆಲ್ಲ ಅದರ ಕಡೆಗೆ ಬಾಣ. ಅದರಿಂದ ಆಗುವುದೆಲ್ಲ ಅದರಿಂದ ಹೊರಗೆ ಬಾಣ. ಆಮೇಲೆ ಹೊರಗೆ ಹೋದ ಬಾಣಗಳನ್ನು ಬೆರಳಿಟ್ಟು ಹಿಂಬಾಲಿಸಿ, ಯಾವುದಾದರೂ ಸುತ್ತಿಕೊಂಡು ಒಳಗೆ ಬರುತ್ತದಾ ನೋಡಿ. ನಮ್ಮದರಲ್ಲಿ ಬಂತು. ಕಪ್ಪು ಪಟ್ಟೆ ಬಂದರೆ ಆ ಪೀಸ್‌ಗೆ ಬದಲಾಗಿ ಇನ್ನೊಂದು ಗ್ರೈಂಡ್ ಮಾಡಬೇಕು. ಗ್ರೈಂಡಿಂಗ್ ಮೊದಲೇ ತುಂಬಿದ ಮಷೀನ್, ಇನ್ನೂ ತಡ. ತಡವಾದಷ್ಟೂ ತಿಂಗಳ ಕೊನೆಗೆ ಮಾಲು ಗುಡ್ಡೆ ಬೀಳುತ್ತದೆ. ಗುಡ್ಡೆ ಬಿದ್ದರೆ ಫರ್ನೇಸ್‌ಗೆ ದೊಡ್ಡ ಲಾಟ್, ಅರ್ಜೆಂಟ್. ಅವರು ಇನ್ನೂ ಒತ್ತಿ ಅಡುಕುತ್ತಾರೆ. ಪಿನ್ ಇನ್ನೂ ಬಾಗುತ್ತದೆ. ಕಪ್ಪು ಪಟ್ಟೆ ಇನ್ನೂ ಜಾಸ್ತಿ. ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇತ್ತು, ನಾವು ಸುತ್ತಿನ ಒಂದು ಜಾಗದಲ್ಲಿ ನಿಂತವನನ್ನು ಹಿಡಿದು ಬೈಯುತ್ತಿದ್ದೆವು.

ಎರಡನೇ ಸುತ್ತು ಇನ್ಸ್‌ಪೆಕ್ಷನ್‌ದು, ಇದು ಬಹಳ ಕಡೆ ಇದೆ. ಕಸ್ಟಮರ್ ಕಂಪ್ಲೇಂಟ್ ಬಂತು ಅಂತ 100% ಇನ್ಸ್‌ಪೆಕ್ಷನ್ ಹಾಕುತ್ತೇವೆ. ಕೆಳಗೆ ಹಿಡಿಯುವವರಿದ್ದಾರೆ ಅಂತ ಆಪರೇಟರ್ ತಾನು ನೋಡುವುದನ್ನು ಕಡಿಮೆ ಮಾಡುತ್ತಾನೆ. ತಪ್ಪು ಹೆಚ್ಚಾಗುತ್ತದೆ. ಇನ್ನಿಬ್ಬರು ಇನ್ಸ್‌ಪೆಕ್ಟರ್ ಬರುತ್ತಾರೆ. ಟ್ಯೂಬ್‌ಲೈಟ್ ಕೆಳಗೆ ಎಂಟು ಗಂಟೆ ಪಿನ್ ತಿರುಗಿಸುತ್ತಾ ಕೂತವರ ಕಣ್ಣು ಮಧ್ಯಾಹ್ನದ ಊಟದ ಮೇಲೆ ಏನು ನೋಡುತ್ತದೆ ಅಂತ ನೀವೇ ಒಂದು ದಿನ ಕೂತು ನೋಡಿ.

ಎಲ್ಲಿ ಕೈ ಹಾಕುವುದು

ಚಿತ್ರ ಬಿಡಿಸಿದ ಮೇಲೆ ಎಲ್ಲರಿಗೂ ಹೊಳೆಯುವ ಮೊದಲ ಐಡಿಯಾ ಸಾಮಾನ್ಯವಾಗಿ ಅತಿ ಸುಲಭದ್ದು. ನಮಗೆ ಹೊಳೆದದ್ದು: ಅಲೋವೆನ್ಸ್ 0.20 ಬೇಡ, 0.50 ಮಾಡಿಬಿಡೋಣ, ಎಷ್ಟು ಬಾಗಿದರೂ ಮೈಬಿಡುತ್ತದೆ. ನೋಟ್‌ಬುಕ್‌ನಲ್ಲಿ ಲೆಕ್ಕ ಹಾಕಿದಾಗ ಬೆವರು ಬಂತು. 0.25 ಆಡುವ ಪಿನ್‌ನಲ್ಲಿ ಗ್ರೈಂಡಿಂಗ್ ಎರಡೂ ಪಕ್ಕ ಸಮವಾಗಿ ತೆಗೆಯುವುದಿಲ್ಲ. 0.50 ಬಿಟ್ಟರೆ ಉಬ್ಬಿದ ಪಕ್ಕದಲ್ಲಿ 0.375 ಹೋಗುತ್ತದೆ, ಎದುರು ಪಕ್ಕದಲ್ಲಿ 0.125. ಹೀಟ್ ಟ್ರೀಟ್‌ಮೆಂಟ್‌ನಿಂದ ಬಂದ ಗಟ್ಟಿ ಪದರ ಇರುವುದು 0.8 ಮಿಮೀ. ಒಂದು ಕಡೆ ಅರ್ಧದಷ್ಟು ಪದರ ಗ್ರೈಂಡಿಂಗ್ ವೀಲ್‌ಗೇ ಹೋಯಿತು. ಪಿನ್ ಹೊಳೆಯುತ್ತದೆ, ಇನ್ಸ್‌ಪೆಕ್ಷನ್ ಪಾಸಾಗುತ್ತದೆ, ಗಾಡಿಯಲ್ಲಿ ಕೂತ ಮೇಲೆ ಒಂದು ಪಕ್ಕ ಬೇಗ ಸವೆಯುತ್ತದೆ. ಕಾಣುವ ತಪ್ಪನ್ನು ಕಾಣದ ತಪ್ಪು ಮಾಡಿ ಕಳಿಸಿದಂತೆ. ಜೊತೆಗೆ ಗ್ರೈಂಡಿಂಗ್ ಟೈಮ್ ಎರಡರಷ್ಟಕ್ಕೂ ಮೇಲೆ.

ಆ ಟೈಮ್ ಹೆಚ್ಚಾಗುವುದು ಎಷ್ಟು ದುಬಾರಿ ಅಂತ ತಿಳಿಯಬೇಕಾದರೆ ಕ್ಯೂ ಲೆಕ್ಕ ನೋಡಿ. ಕೆಲಸ ಹೇಗೆ ಬೇಕೋ ಹಾಗೆ ಬರುವ ಸರಳ ಕ್ಯೂನಲ್ಲಿ, ಮಷೀನ್ 80% ಬ್ಯುಸಿ ಇದ್ದರೆ ಒಂದು ಕೆಲಸ ಸರಾಸರಿ ತನ್ನ ಮಷೀನಿಂಗ್ ಸಮಯದ 4 ಪಟ್ಟು ಕಾಯುತ್ತದೆ. 90% ಆದರೆ 9 ಪಟ್ಟು. 95% ಆದರೆ 19 ಪಟ್ಟು. "ಮಷೀನ್ ಒಂದು ನಿಮಿಷವೂ ಖಾಲಿ ಇರಬಾರದು" ಅನ್ನುವ ಮಾಲೀಕರಿಗೆ ಈ ಮೂರು ಸಂಖ್ಯೆ ತೋರಿಸಿ. ನಾನು ತೋರಿಸಿದೆ, ಅವರು ನಂಬಲಿಲ್ಲ, ಅದು ಬೇರೆ ವಿಷಯ.

ಹಾಗಾಗಿ ಕೈ ಹಾಕಬೇಕಾದದ್ದು ಸುತ್ತು ಹೆಚ್ಚು ಬಿಗಿಯಾಗಿರುವ ಕಡೆ. ನಾವು ಮಾಡಿದ್ದು ಇಷ್ಟು. ಫರ್ನೇಸ್‌ಗೆ ವಾರಕ್ಕೆ ಎರಡು ಸಲ ಸಣ್ಣ ಲಾಟ್ ಕಳಿಸುವುದು, ತಿಂಗಳ ಕೊನೆ ಇರಲಿ ಮೊದಲಿರಲಿ ಅಷ್ಟೇ. ಪಿನ್ ನಿಲ್ಲಿಸಿ ಹಾಕಲು ಒಂದು ಜಾಲಿ ಫಿಕ್ಸ್ಚರ್ ನಾವೇ ಮಾಡಿಕೊಡುವುದು. ನಿಲ್ಲಿಸಿ ಹಾಕಿದ್ದಕ್ಕೆ ಕೆಜಿಗೆ ರೇಟು ಜಾಸ್ತಿ ಕೊಡುವುದು. ಈ ಮೂರನೆಯದಕ್ಕೆ ಪರ್ಚೇಸ್‌ನವರು ಒಪ್ಪಲು ಮೂರು ವಾರ ಹಿಡಿಯಿತು, ಯಾಕೆಂದರೆ ಅವರ ಶೀಟ್‌ನಲ್ಲಿ ಅದು ನಷ್ಟ. ಗ್ರೈಂಡಿಂಗ್‌ನಲ್ಲಿ ಆಗುವ ಲಾಭ ಅವರ ಶೀಟ್‌ಗೆ ಬರುವುದೇ ಇಲ್ಲ. ಕೊನೆಗೆ ಒಂದು ತಿಂಗಳು ರಿಜೆಕ್ಟ್ ಆದ ಪಿನ್‌ಗಳನ್ನೆಲ್ಲ ಟ್ರಾಲಿಗೆ ತುಂಬಿ, ಪ್ರತಿ ಪೀಸ್‌ಗೆ ಅಲ್ಲಿಯವರೆಗೆ ಆದ ಖರ್ಚು ಬರೆದ ಚೀಟಿ ಅಂಟಿಸಿ, ಟ್ರಾಲಿಯನ್ನು ಅವರ ಟೇಬಲ್ ಪಕ್ಕ ನಿಲ್ಲಿಸಿದೆವು. ನೀವೂ ಹೀಗೆ ಮಾಡಬಹುದು, ಆದರೆ ನಗುಮುಖದಿಂದ ಮಾಡಿ. ಅವರನ್ನು ಸಿಕ್ಕಿಹಾಕಿಸಲು ಬಂದವರಂತೆ ಕಂಡರೆ ಕೆಲಸ ಕೆಡುತ್ತದೆ.

ಅಲೋವೆನ್ಸ್ ಅನ್ನು 0.30ಕ್ಕೆ ವಾಪಸ್ ತಂದೆವು. ಆದರೆ ಅದನ್ನು ಫಿಕ್ಸ್ಚರ್ ಜೊತೆಗೇ ಮಾಡಲಿಲ್ಲ, ಬೇಕೆಂದೇ ತಡ ಮಾಡಿದೆವು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಇಲ್ಲಿ ತಾಳ್ಮೆ ಬೇಕು. 15 ದಿನದ ಸಾಲು ಇದ್ದರೆ, ಇವತ್ತು ಮಾಡಿದ ಬದಲಾವಣೆ ಗ್ರೈಂಡಿಂಗ್ ಮುಂದೆ ಕಾಣಿಸುವುದು ದಿನಗಟ್ಟಲೆ ಆದ ಮೇಲೆ. ಅಷ್ಟರಲ್ಲಿ ಹಳೇ ಮಾಲೇ ಬರುತ್ತಿರುತ್ತದೆ. "ಏನೂ ಪ್ರಯೋಜನ ಆಗಲಿಲ್ಲ" ಅಂತ ನಾಲ್ಕನೇ ದಿನ ಇನ್ನೊಂದನ್ನು ಬದಲಿಸಿದರೆ ಮುಗಿಯಿತು, ಸ್ನಾನದ ಮನೆಯ ಬಿಸಿನೀರಿನ ನಲ್ಲಿಯ ಕಥೆ. ನೀರು ತಣ್ಣಗಿದೆ ಅಂತ ತಿರುಗಿಸುತ್ತಲೇ ಹೋಗಿ ಆಮೇಲೆ ಸುಟ್ಟುಕೊಳ್ಳುತ್ತೇವಲ್ಲ, ಹಾಗೆ. ಬದಲಿಸಿದ ದಿನದ ಮೊದಲ ಬಿನ್‌ಗೆ ಒಂದು ಹಸಿರು ಟ್ಯಾಗ್ ಕಟ್ಟಿ. ಆ ಟ್ಯಾಗ್ ಗ್ರೈಂಡಿಂಗ್ ತಲುಪುವ ತನಕ ಫಲಿತಾಂಶದ ಬಗ್ಗೆ ಮಾತಾಡಬೇಡಿ, ಯಾರಾದರೂ ಕೇಳಿದರೆ ಟ್ಯಾಗ್ ಎಲ್ಲಿದೆ ಅಂತ ತೋರಿಸಿ.

ಚಾಕ್‌ಪೀಸ್ ಯಾಕೆ ಅಂದರೆ

ಗ್ರೈಂಡಿಂಗ್ ಮುಂದೆ ನೆಲದ ಮೇಲೆ ನಾಲ್ಕು ಬಿನ್ ಹಿಡಿಯುವ ಚೌಕ ಬರೆಯಿರಿ. ಚೌಕ ತುಂಬಿದರೆ ಹಿಂದಿನವರು ಆ ಪಾರ್ಟ್ ಮಾಡುವುದನ್ನು ನಿಲ್ಲಿಸಬೇಕು. ಇಷ್ಟೇ ನಿಯಮ. ಟೊಯೋಟಾದಲ್ಲಿ ತೈಚಿ ಓನೋ ಬೆಳೆಸಿದ ಕಾನ್‌ಬಾನ್ ಪದ್ಧತಿಯ ತಿರುಳೂ ಇದೇ, ಅವರು ಅದಕ್ಕೆ ಕಾರ್ಡ್ ಬಳಸಿದರು. ನಮಗೆ ನೆಲ ಸಾಕು.

ಬರೆಯುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಮೊದಲ ವಾರವೇ ಯಾರೋ ಐದನೇ ಬಿನ್ ತಂದು ಗೆರೆಯ ಹೊರಗೆ "ಸ್ವಲ್ಪ ಹೊತ್ತು ಸಾರ್" ಅಂತ ಇಡುತ್ತಾರೆ. ಆ ಐದನೇ ಬಿನ್ ಯಾಕೆ ಬಂತು ಅಂತ ಹೋಗಿ ನೋಡಿ. ನಮ್ಮಲ್ಲಿ ಟರ್ನಿಂಗ್‌ನವರಿಗೆ ಪೀಸ್ ಲೆಕ್ಕದಲ್ಲಿ ಇನ್ಸೆಂಟಿವ್ ಇತ್ತು. ಮಷೀನ್ ನಿಲ್ಲಿಸಿದರೆ ಅವರ ಜೇಬಿಗೆ ಕತ್ತರಿ. ಚೌಕ ಬರೆದವರು ನಾವು, ಗೆರೆ ದಾಟಿದರೆ ದುಡ್ಡು ಕೊಡುವವರೂ ನಾವೇ! ಇನ್ಸೆಂಟಿವ್ ಅನ್ನು ಟರ್ನಿಂಗ್ ಸಂಖ್ಯೆಯಿಂದ ತೆಗೆದು ಇಡೀ ಲೈನ್‌ನಿಂದ ಮೊದಲ ಸಲಕ್ಕೆ ಪಾಸಾಗಿ ಹೊರಗೆ ಹೋದ ಪಿನ್‌ಗಳ ಸಂಖ್ಯೆಗೆ ಕಟ್ಟಿದ ಮೇಲೆ ಗೆರೆ ನಿಂತಿತು. ಟರ್ನಿಂಗ್‌ನ ಹುಡುಗರು ಚೌಕ ತುಂಬಿದಾಗ ತಾವೇ ಬಂದು ಗ್ರೈಂಡಿಂಗ್‌ನವನಿಗೆ ಬಿನ್ ಎತ್ತಿಕೊಡಲು ಶುರು ಮಾಡಿದರು.

ಕಪ್ಪು ಪಟ್ಟೆ ಪೂರ್ತಿ ಹೋಗಲಿಲ್ಲ, ಆದರೆ ಅದಕ್ಕಾಗಿ ಮೀಟಿಂಗ್ ಕರೆಯುವುದು ನಿಂತಿತು. ಆ ವಾರ್ನಿಂಗ್ ಲೆಟರ್ ಅನ್ನು ಫೈಲಿನಿಂದ ತೆಗೆಸಿದೆ. ಆಪರೇಟರ್‌ಗೆ ಹೇಳಿದಾಗ "ಇರಲಿ ಬಿಡಿ ಸಾರ್" ಅಂದ, ಮತ್ತೆ ವೀಲ್ ಡ್ರೆಸ್ಸಿಂಗ್ ಮಾಡಲು ಹೋದ. ಗ್ರೈಂಡಿಂಗ್ ಮುಂದಿನ ಚೌಕ ಈಗ ಎಷ್ಟೋ ಸಲ ಅರ್ಧ ಖಾಲಿ ಇರುತ್ತಿತ್ತು. ಡ್ರಿಲ್ಲಿಂಗ್ ಮುಂದೆ ಬಿನ್ ಸೇರಲು ಶುರುವಾಗಿತ್ತು, ಚಾಕ್‌ಪೀಸ್ ತಗೊಂಡು ಅಲ್ಲಿಗೆ ಹೋದೆ.